ಸಾಕಿದ ಇಲಿಯ ಕಣ್ಣು, ಮೂಗಿನಲ್ಲಿ ಕೆಂಪು: ಅದು ರಕ್ತವೇ?

ಗಾಯವಿಲ್ಲ, ಆದರೂ ಇಲಿಯ ಕಣ್ಣು, ಮೂಗಿನ ಸುತ್ತ ಕೆಂಪು ಕಟ್ಟುತ್ತಿದೆ ಅಂದಿದ್ದೀರಿ. ಅದು ಬಹುಶಃ ರಕ್ತ ಅಲ್ಲ. ಕಣ್ಣಿನ ಹಿಂದಿನ ಹಾರ್ಡೇರಿಯನ್ ಗ್ರಂಥಿಯಿಂದ ಬರುವ ಪಾರ್ಫೈರಿನ್ ಅನ್ನೋ ಬಣ್ಣ. ಒದ್ದೆ ಹತ್ತಿಯಲ್ಲಿ ಒರೆಸಿ, ಆ ಹತ್ತಿಗೆ ನೋಟು ಪರೀಕ್ಷಿಸುವ ಯುವಿ ಟಾರ್ಚ್ ಹಿಡಿಯಿರಿ. ಪಾರ್ಫೈರಿನ್ ಆದರೆ ಕೆಂಪಗೆ ಹೊಳೆಯುತ್ತದೆ, ರಕ್ತ ಹೊಳೆಯುವುದಿಲ್ಲ. (ಇಲಿಯ ಕಣ್ಣಿಗೇ ಟಾರ್ಚ್ ಬಿಡಬೇಡಿ ಮತ್ತೆ!)

ಹುಷಾರಾಗಿರುವ ಇಲಿ ದಿನವಿಡೀ ಮುಖ ಉಜ್ಜಿಕೊಳ್ಳುತ್ತಲೇ ಇರುತ್ತದೆ, ಈ ಬಣ್ಣ ಒರೆಸಿಹೋಗುತ್ತದೆ. ಕೆಂಪು ಜಾಸ್ತಿ ಉಳಿದಿದೆ ಅಂದರೆ ಒಳಗೇನೋ ತೊಂದರೆ ಇರಬಹುದು. ನನ್ನ ಅನುಮಾನ ಮೈಕೋಪ್ಲಾಸ್ಮಾ ಅನ್ನೋ ಬ್ಯಾಕ್ಟೀರಿಯಾದಿಂದ ಶ್ವಾಸಕೋಶಕ್ಕೆ ಬರುವ ಸೋಂಕಿನ ಮೇಲೆ. ಇಲಿಯ ಬೆನ್ನಿಗೆ ಕಿವಿಯಿಟ್ಟು ಕೇಳಿ. ಗೊರಗೊರ ಸದ್ದಿದ್ದರೆ, ಪಕ್ಕೆ ಎಳೆದು ಉಸಿರಾಡುತ್ತಿದ್ದರೆ, ಅವತ್ತೇ ಪಶುವೈದ್ಯರಿಗೆ ತೋರಿಸಿ. ಗೂಡಿನಲ್ಲಿ ಪೈನ್ ಮರದ ಹೊಟ್ಟು ಹಾಸಿದ್ದರೆ ಅದೂ ಉಸಿರಾಟಕ್ಕೆ ತೊಂದರೆ, ತೆಗೆದು ಕಾಗದದ ಚೂರು ಹಾಕಿ.