ಎಕ್ಸ್‌ಟರ್ನ್‌ಶಿಪ್‌ಗೆ ಗ್ರೇಡ್ ಇಲ್ಲ, ಬರೀ ಪಾಸ್. ಇದು ನಷ್ಟ ಅಲ್ವಾ?

ನೀವು ಅಮೆರಿಕದಲ್ಲಿ ಜೆಡಿ (ಅಲ್ಲಿನ ಕಾನೂನು ಪದವಿ) ಎರಡನೇ ವರ್ಷದಲ್ಲಿದ್ದೀರಿ. ನ್ಯಾಯಾಧೀಶರೊಬ್ಬರ ಕಚೇರಿಯಲ್ಲಿ ಎಕ್ಸ್‌ಟರ್ನ್‌ಶಿಪ್ (ಕಾಲೇಜಿನ ಹೊರಗೆ ಕೆಲಸ ಮಾಡಿ ಕ್ರೆಡಿಟ್ ಪಡೆಯುವ ಅವಕಾಶ) ಸಿಕ್ಕಿದೆ, ಆದರೆ ಅದಕ್ಕೆ ಪಾಸ್ ಅಥವಾ ಫೇಲ್ ಅಷ್ಟೇ. ವಾರವಿಡೀ ದುಡಿದು ಕೊನೆಗೆ ಒಂದು 'ಪಿ' ತಗೊಳ್ಳುವ ಬದಲು, ಗ್ರೇಡ್ ಸಿಗುವ ಕ್ಲಿನಿಕ್ (ಪ್ರೊಫೆಸರ್ ಮೇಲ್ವಿಚಾರಣೆಯಲ್ಲಿ ನಿಜವಾದ ಕಕ್ಷಿದಾರರ ಕೇಸು ನೋಡುವ ಕೋರ್ಸ್) ಸೇರಲೇ ಎಂದು ಕೇಳಿದ್ದೀರಿ. ನಾನು ಬೇರೆ ಬೇರೆ ಸೆಮಿಸ್ಟರ್‌ಗಳಲ್ಲಿ ಎರಡನ್ನೂ ಮಾಡಿದ್ದೇನೆ. ನಷ್ಟ ಏನಿಲ್ಲ. ನನ್ನನ್ನು ಕಾಡಿದ್ದು ಗ್ರೇಡ್ ಅಲ್ಲ, ಗಂಟೆಗಳ ಲೆಕ್ಕ.

ಮೊದಲು ನಿಯಮ ನೋಡೋಣ. ಅಮೆರಿಕನ್ ಬಾರ್ ಅಸೋಸಿಯೇಷನ್ (ಎಬಿಎ) ಮಾನ್ಯತೆ ಇರುವ ಕಾಲೇಜಿನಲ್ಲಿ ಜೆಡಿ ಮುಗಿಸಲು ಕನಿಷ್ಠ 83 ಕ್ರೆಡಿಟ್ ಬೇಕು. ಅದರಲ್ಲಿ ಕನಿಷ್ಠ 6 ಕ್ರೆಡಿಟ್ ಕೆಲಸ ಮಾಡಿ ಕಲಿಯುವ ಕೋರ್ಸುಗಳದ್ದಾಗಿರಬೇಕು: ಸಿಮ್ಯುಲೇಷನ್ (ಕಲ್ಪಿತ ಕೇಸಿನ ಮೇಲೆ ಅಭ್ಯಾಸ), ಕ್ಲಿನಿಕ್, ಇಲ್ಲವೇ ಎಕ್ಸ್‌ಟರ್ನ್‌ಶಿಪ್. ನಿಯಮದ ಭಾಷೆಯಲ್ಲಿ ಎಕ್ಸ್‌ಟರ್ನ್‌ಶಿಪ್‌ಗೆ ಫೀಲ್ಡ್ ಪ್ಲೇಸ್‌ಮೆಂಟ್ ಎನ್ನುತ್ತಾರೆ. ಬಂದದ್ದು 'ಎ' ಆಗಲಿ 'ಪಿ' ಆಗಲಿ, ಈ 6ರ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ.

ಗ್ರೇಡ್ ಕೊಡಬೇಕೋ ಪಾಸ್ ಕೊಡಬೇಕೋ ಎನ್ನುವುದು ಕಾಲೇಜಿಗೆ ಬಿಟ್ಟ ವಿಷಯ. ಹೊರಗಿನ ಕೆಲಸಕ್ಕೆ ಪಾಸ್-ಫೇಲ್ ಇಡುವುದಕ್ಕೆ ಕಾರಣವಿದೆ. ಒಬ್ಬರು ನ್ಯಾಯಾಧೀಶರ ಬಳಿ, ಇನ್ನೊಬ್ಬರು ಪ್ರಾಸಿಕ್ಯೂಟರ್ ಬಳಿ, ಮತ್ತೊಬ್ಬರು ಕಂಪನಿಯ ಲೀಗಲ್ ವಿಭಾಗದಲ್ಲಿ. ಮೂವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ? ಅದೂ ಅಲ್ಲದೆ, ಪುಕ್ಕಟೆ ಕೆಲಸ ಮಾಡಿಸಿಕೊಂಡ ವಕೀಲರು ಕೊನೆಗೆ ಬರೆಯುವ ವರದಿಯಲ್ಲಿ ಎಲ್ಲರೂ ಅತ್ಯುತ್ತಮರೇ. ಕ್ಲಿನಿಕ್‌ನಲ್ಲಿ ಹಾಗಲ್ಲ. ನಿಮ್ಮ ಪ್ರತಿ ಕರಡನ್ನೂ ಪ್ರೊಫೆಸರ್ ಕೂತು ನೋಡುತ್ತಾರೆ, ಹಾಗಾಗಿ ಅವರು ಗ್ರೇಡ್ ಕೊಟ್ಟರೆ ಅದಕ್ಕೆ ಅರ್ಥವಿರುತ್ತದೆ.

'ಪಿ' ಸಾಮಾನ್ಯವಾಗಿ ಜಿಪಿಎಗೆ (ಗ್ರೇಡ್‌ಗಳ ಸರಾಸರಿಗೆ) ಸೇರುವುದಿಲ್ಲ. ಏರಿಸುವುದೂ ಇಲ್ಲ, ಇಳಿಸುವುದೂ ಇಲ್ಲ. ಮೊದಲ ವರ್ಷ ಕರ್ವ್ (ತರಗತಿಯವರನ್ನು ಪರಸ್ಪರ ಹೋಲಿಸಿ ಗ್ರೇಡ್ ಹಂಚುವ ಪದ್ಧತಿ) ಎಂಬ ಗಾಣದಲ್ಲಿ ಅರೆಸಿಕೊಂಡು ಬಂದವನಿಗೆ ಇದು ಉಸಿರಾಡಲು ಸಿಕ್ಕ ಜಾಗ ಅನ್ನಿಸಿತ್ತು. ಆದರೆ ಡಿಗ್ರಿಗೆ ಎಷ್ಟು ಪಾಸ್ ಕ್ರೆಡಿಟ್ ಲೆಕ್ಕಕ್ಕೆ ಬರುತ್ತವೆ ಎಂಬ ಮಿತಿ ಅನೇಕ ಕಾಲೇಜುಗಳಲ್ಲಿ ಇರುತ್ತದೆ. ನಿಮ್ಮ ಕಾಲೇಜಿನ ಕೈಪಿಡಿ ನೋಡಿ.

ಈಗ ಗಂಟೆಗಳ ವಿಷಯ. ಎಬಿಎ ಲೆಕ್ಕದಲ್ಲಿ ಒಂದು ಕ್ರೆಡಿಟ್ ಎಂದರೆ 15 ವಾರ, ವಾರಕ್ಕೆ 50 ನಿಮಿಷ ತರಗತಿ ಮತ್ತು 2 ಗಂಟೆ ಹೊರಗಿನ ಓದು. ಕೂಡಿದರೆ 42.5 ಗಂಟೆ. ಎಕ್ಸ್‌ಟರ್ನ್‌ಶಿಪ್‌ನಲ್ಲೂ ಅಷ್ಟೇ ಪ್ರಮಾಣದ ಕೆಲಸ ತೋರಿಸಬೇಕು. 3 ಕ್ರೆಡಿಟ್‌ಗೆ 127.5 ಗಂಟೆ. ಕೆಲವು ಕಾಲೇಜುಗಳು ಇದಕ್ಕಿಂತ ಜಾಸ್ತಿಯೇ ಕೇಳುತ್ತವೆ. ನಾನು ಮಾಡಿದ ತಪ್ಪು ಏನೆಂದರೆ, ಹೋಗಿಬರುವ ಸಮಯವನ್ನೂ ಊಟದ ಸಮಯವನ್ನೂ ಸೇರಿಸಿ ಬರೆಯುತ್ತಾ ಹೋದೆ. ಅವು ಲೆಕ್ಕಕ್ಕೆ ಬರುವುದಿಲ್ಲ ಎಂದು ಗೊತ್ತಾಗುವಷ್ಟರಲ್ಲಿ ಸೆಮಿಸ್ಟರ್ ಮುಗಿಯಲು ಎರಡು ವಾರ ಉಳಿದಿತ್ತು. ಪರೀಕ್ಷೆಗೆ ಓದಬೇಕಾದ ದಿನಗಳಲ್ಲಿ ಕೋರ್ಟಿಗೆ ಹೋಗಿ ಕೂತೆ. ಟೈಮ್‌ಶೀಟನ್ನು ಅವತ್ತಿನದು ಅವತ್ತೇ ತುಂಬಿ. ವಾರದ ಕೊನೆಗೆ ನೆನಪಿನಿಂದ ಬರೆದರೆ ಅದು ಕಥೆಯಾಗುತ್ತದೆ.

ಇನ್ನು ನನ್ನ ಅಭಿಪ್ರಾಯ. ಕ್ಲಿನಿಕ್‌ನಲ್ಲಿ ಒಂದೇ ಅರ್ಜಿಯನ್ನು ಐದು ಸಲ ತಿದ್ದಿಸಿದರು, ಕೊನೆಗೆ ಬಿ ಪ್ಲಸ್ ಕೊಟ್ಟರು. ಆಗ ಸಿಟ್ಟು ಬಂದಿತ್ತು. ಆದರೆ ನಾನು ಬರೆಯಲು ಕಲಿತದ್ದು ಅಲ್ಲೇ. ನ್ಯಾಯಾಧೀಶರ ಕಚೇರಿಯಲ್ಲಿ ಕಲಿತದ್ದು ಬೇರೆ: ಬರೆದದ್ದನ್ನು ಓದುವವರು ಎಲ್ಲಿ ಬೇಸತ್ತು ಪುಟ ತಿರುಗಿಸುತ್ತಾರೆ ಎಂಬುದು. ಅದನ್ನು ಯಾವ ಕ್ಲಿನಿಕ್ಕೂ ತೋರಿಸಲಾರದು. ನಿಮಗೆ ಈಗಾಗಲೇ ನ್ಯಾಯಾಧೀಶರ ಬಳಿ ಜಾಗ ಸಿಕ್ಕಿದೆ. ಈ ಸೆಮಿಸ್ಟರ್ ಅದನ್ನೇ ಮಾಡಿ, ಕ್ಲಿನಿಕ್ ಮೂರನೇ ವರ್ಷಕ್ಕೆ ಇಟ್ಟುಕೊಳ್ಳಿ. ಇನ್ನು ಸಂಬಳದ ಮಾತು: ಎಕ್ಸ್‌ಟರ್ನ್‌ಶಿಪ್‌ಗೆ ಕ್ರೆಡಿಟ್ ಬೇಕೆಂದರೆ ಸಂಬಳ ಪಡೆಯುವಂತಿಲ್ಲ ಎಂಬ ಎಬಿಎ ನಿಯಮ 2016ರಲ್ಲೇ ಹೋಯಿತು. ಆದರೂ ಕೆಲವು ಕಾಲೇಜುಗಳು ಆ ನಿರ್ಬಂಧವನ್ನು ತಾವಾಗಿ ಇಟ್ಟುಕೊಂಡಿವೆ.

ನೀವು ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿದ್ದರೆ ಇನ್ನೊಂದು ಮಾತು. ಕ್ಯಾಂಪಸ್ ಹೊರಗಿನ ಇಂಥ ಕೆಲಸಕ್ಕೆ ಸಿಪಿಟಿ (ಓದಿನ ಭಾಗವಾಗಿ ಮಾಡುವ ಕೆಲಸ) ಅನುಮತಿ ಬೇಕಾಗುತ್ತದೆ. ಒಂದು ಶೈಕ್ಷಣಿಕ ವರ್ಷ ಮುಗಿದಿರಬೇಕೆಂಬ ಷರತ್ತನ್ನು ನೀವು ದಾಟಿದ್ದೀರಿ. ಸಂಬಳ ಇಲ್ಲದಿದ್ದರೂ ಮೊದಲು ಅಂತಾರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಲ್ಲಿ ಕೇಳಿ. ಅನುಮತಿ ನಮೂದಾದ ಐ-20 (ವೀಸಾಗಾಗಿ ಕಾಲೇಜು ಕೊಡುವ ದಾಖಲೆ) ಕೈಗೆ ಬರುವವರೆಗೆ ಕೆಲಸ ಶುರು ಮಾಡಬೇಡಿ, 'ಸುಮ್ನೆ ಒಂದು ದಿನ ಬಂದು ನೋಡಿ' ಎಂದು ಪ್ರೀತಿಯಿಂದ ಕರೆದರೂ ಸರಿ.