ಹೆರಿಗೆ ರಜೆಯಲ್ಲಿರುವಾಗ ರಾಜೀನಾಮೆ ಕೇಳಿದರೆ ಏನು ಮಾಡಬೇಕು?

ರಾಜೀನಾಮೆ ಇನ್ನೂ ಕೊಟ್ಟಿಲ್ಲ ತಾನೇ? ಕೊಡಬೇಡಿ. ಉಳಿದದ್ದು ಆಮೇಲೆ.

ರಜೆ ಮುಗಿಯಲು ಹತ್ತು ದಿನವಿರುವಾಗ ಕಚೇರಿಯವರು ಫೋನ್ ಮಾಡಿ, “ನಿಮ್ಮ ಜಾಗಕ್ಕೆ ಬೇರೆಯವರು ಬಂದಿದ್ದಾರೆ, ನೀವೇ ಬಿಟ್ಟರೆ ಅನುಭವ ಪತ್ರ ಚೆನ್ನಾಗಿ ಕೊಡುತ್ತೇವೆ” ಎಂದರು ಎಂದು ಬರೆದಿದ್ದೀರಿ. ಬೆಂಗಳೂರಿನ ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದ ನನಗೂ ಹೆಚ್ಚುಕಡಿಮೆ ಇದೇ ಮಾತು ಬಂದಿತ್ತು, ಅದೂ ಫೋನಿನಲ್ಲೇ. ಕಾಗದದಲ್ಲಿ ಬರೆದರೆ ಅದು ನಮ್ಮ ಕೈಗೆ ಸಾಕ್ಷಿ ಕೊಟ್ಟಂತೆ ಎಂದು ಅವರಿಗೆ ಗೊತ್ತು.

ರಜೆಯಲ್ಲಿರುವವಳನ್ನು ಆ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ, ಸೇವಾ ಷರತ್ತುಗಳನ್ನು ಅವಳಿಗೆ ನಷ್ಟವಾಗುವಂತೆ ಬದಲಿಸುವಂತಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆ ಹೇಳಿದ್ದನ್ನೇ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಹೇಳುತ್ತದೆ. ವಜಾ ಮಾಡಿದರೆ ಆದೇಶ ಕೈಸೇರಿದ 60 ದಿನದೊಳಗೆ ಮೇಲ್ಮನವಿ ಹಾಕಬಹುದು. ಆದರೆ ನೀವಾಗಿಯೇ ಬಿಟ್ಟರೆ ಯಾರೂ ನಿಮ್ಮನ್ನು ತೆಗೆದಂತಾಗುವುದಿಲ್ಲವಲ್ಲ! ಆ ಫೋನು ಬಂದದ್ದೇ ಅದಕ್ಕೆ.

ನಾನು ಕಳುಹಿಸಿದ ಇಮೇಲ್ ಮೂರೇ ಸಾಲಿನದು. “ನನ್ನ 26 ವಾರಗಳ ರಜೆ ಇಂಥ ದಿನ ಮುಗಿಯುತ್ತದೆ. ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ಕೆಲಸಕ್ಕೆ ಹಾಜರಾಗುತ್ತೇನೆ. ನೀವು ಫೋನಿನಲ್ಲಿ ರಾಜೀನಾಮೆಯ ಮಾತೆತ್ತಿದ್ದಿರಿ, ನನಗೆ ಆ ಉದ್ದೇಶವಿಲ್ಲ.” ಅಳಲಿಲ್ಲ, ಬೈಗುಳವಿಲ್ಲ, ಕಲಂ ಸಂಖ್ಯೆಯೂ ಇಲ್ಲ. ಅದನ್ನೇ ಮುದ್ರಿಸಿ ಸ್ಪೀಡ್ ಪೋಸ್ಟ್‌ನಲ್ಲೂ ಹಾಕಿ, ರಸೀದಿಯನ್ನು ಮಗಳ ಲಸಿಕೆ ಕಾರ್ಡಿನೊಳಗೆ ಇಟ್ಟುಕೊಂಡೆ. ಮೂರನೆಯ ದಿನ ಉತ್ತರ ಬಂತು: “ಬನ್ನಿ.”

ಹೋಗಿ ನೋಡಿದರೆ ನನ್ನ ಮೇಜು ಜೆರಾಕ್ಸ್ ಯಂತ್ರದ ಪಕ್ಕಕ್ಕೆ ಸರಿದಿತ್ತು. ಅದಕ್ಕೆಲ್ಲ ಜಗಳ ಮಾಡಲಿಲ್ಲ, ನೀವೂ ಮಾಡಬೇಡಿ. ಮೇಜಿನ ಜಾಗ ಬದಲಾಗುವುದು ಬೇರೆ, ಹುದ್ದೆಯೋ ಸಂಬಳವೋ ಇಳಿಯುವುದು ಬೇರೆ. ಎರಡನೆಯದಾದರೆ ನೇಮಕಾತಿ ಪತ್ರ, ಹಳೆಯ ಸಂಬಳ ಚೀಟಿ ಹಿಡಿದುಕೊಂಡು ಕಾರ್ಮಿಕ ಇಲಾಖೆಗೆ ಹೋಗಿ. ಬೆಂಗಳೂರಾದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ. ಇಮೇಲ್‌ಗಳನ್ನೂ ಈಗಲೇ ಮುದ್ರಿಸಿಟ್ಟುಕೊಳ್ಳಿ, ಕಚೇರಿಯ ಖಾತೆಯನ್ನು ಅವರು ಯಾವಾಗ ಬೇಕಾದರೂ ಮುಚ್ಚಬಹುದು.

ಇನ್ನೊಂದು. ಮಗುವಿಗೆ 15 ತಿಂಗಳಾಗುವವರೆಗೆ, ವಿಶ್ರಾಂತಿಯ ಸಮಯವಲ್ಲದೆ, ದಿನಕ್ಕೆ ಎರಡು ಸಲ ಹಾಲುಣಿಸುವ ಬಿಡುವು ನಿಮ್ಮದು. 50 ಅಥವಾ ಹೆಚ್ಚು ಮಂದಿ ಕೆಲಸ ಮಾಡುವಲ್ಲಿ ಶಿಶುಪಾಲನಾ ಕೇಂದ್ರವೂ ಇರಬೇಕು. ನಮ್ಮಲ್ಲಿ ನೂರಕ್ಕೂ ಹೆಚ್ಚು ಜನರಿದ್ದರು, ಕೇಂದ್ರ ಮಾತ್ರ ಇರಲಿಲ್ಲ. ಕೇಳಿ ಕೇಳಿ ಸಾಕಾಗಿ, ಕೊನೆಗೆ ಹಳೆಯ ಫೈಲುಗಳ ಕೋಣೆಗೆ ಒಳಗಿನಿಂದ ಒಂದು ಚಿಲಕ ಹಾಕಿಸಿಕೊಂಡೆ. ಆ ಚಿಲಕದ ದುಡ್ಡನ್ನು ಕಂಪನಿಯಿಂದಲೇ ವಸೂಲು ಮಾಡಿದೆ ಎನ್ನುವುದು ಬೇರೆ ಮಾತು.