ಎಡಗೈ ಮಗು ಮತ್ತು ವಾನರರ ಮಿದುಳು

ಸಾಗರದಿಂದ ನಿವೃತ್ತ ಶಿಕ್ಷಕರೊಬ್ಬರು ಬರೆದಿದ್ದಾರೆ: "ಮಿದುಳಿನ ಎಡಬಲಗಳು ಒಂದೇ ಸಮನಾಗಿಲ್ಲದಿರುವುದು ಮನುಷ್ಯನಿಗೆ ಮಾತ್ರ ಸಿಕ್ಕ ವರವಂತೆ. ನನ್ನ ಮೊಮ್ಮಗಳು ಎಡಗೈಯಲ್ಲಿ ಬರೆಯುತ್ತಾಳೆ. 'ಬಲಮಿದುಳಿನ ಮಗು, ತರಬೇತಿ ಕೊಡಿಸಿ' ಎನ್ನುತ್ತಾರೆ ಇಲ್ಲಿನ ಒಂದು ತರಗತಿಯವರು. ಸೇರಿಸಲೇ?"

ಸೇರಿಸಬೇಡಿ, ಮೇಷ್ಟ್ರೇ.

ಹೆಚ್ಚಿನವರಲ್ಲಿ ಮಾತಿನ ಕೆಲಸ ಮಿದುಳಿನ ಎಡಭಾಗಕ್ಕೆ ವಾಲಿರುವುದು ನಿಜ. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ ಅದರ ಸುಳಿವು ಕೊಟ್ಟರು. 'ಟಾನ್' ಎಂಬುದನ್ನು ಬಿಟ್ಟರೆ ಹೆಚ್ಚೇನೂ ಆಡಲಾಗದಿದ್ದ ರೋಗಿ ತೀರಿಕೊಂಡಾಗ, ಅವನ ಮಿದುಳಿನ ಎಡ ಮುಂಭಾಗ ಹಾಳಾಗಿದ್ದುದು ಕಂಡಿತ್ತು.

ಆದರೆ 'ಮನುಷ್ಯನಿಗೆ ಮಾತ್ರ' ಎಂದಿರಲ್ಲ, ಅಲ್ಲಿ ನನ್ನ ತಕರಾರಿದೆ. ಮಿದುಳು ಮಣ್ಣಾಗುತ್ತದೆ, ಬುರುಡೆಯ ಒಳಮೈಯಲ್ಲಿ ಅದರ ಗುರುತು ಉಳಿಯುತ್ತದೆ. 1924ರಲ್ಲಿ ದಕ್ಷಿಣ ಆಫ್ರಿಕಾದ ತೌಂಗ್‌ನಲ್ಲಿ ಸಿಕ್ಕ, ಮನುಷ್ಯನ ಪುರಾತನ ವಾನರರೂಪಿ ಬಂಧುವಿನ ಮಗುವಿನ ಬುರುಡೆಯೊಳಗೆ ಸುಣ್ಣಕಲ್ಲು ತುಂಬಿ, ಮಿದುಳಿನ ಪಡಿಯಚ್ಚೇ ತಯಾರಾಗಿತ್ತು. ಈಗ ಅಂಥ ಅಚ್ಚನ್ನು ಕಂಪ್ಯೂಟರಿನಲ್ಲೇ ಮಾಡುತ್ತಾರೆ. ಜರ್ಮನಿಯ ಸೈಮನ್ ನಾಯ್‌ಬಾವರ್ ಮತ್ತು ಸಂಗಡಿಗರು ಮನುಷ್ಯ, ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳ ಬುರುಡೆಗಳನ್ನು ಹೀಗೆ ಅಳೆದು 2020ರಲ್ಲಿ ಪ್ರಕಟಿಸಿದರು. ಎಡಬಲಗಳ ಓರೆಯ ಮೂಲ ವಿನ್ಯಾಸ ನಾಲ್ವರಿಗೂ ಒಂದೇ! ಹಾಗಾದರೆ ಅದು ಎಲ್ಲರ ಪೂರ್ವಜರಿಂದಲೇ ಬಂದಿರಬೇಕು. ನಮ್ಮಲ್ಲಿ ಬೇರೆಯಿರುವುದು ವೈವಿಧ್ಯ: ಒಬ್ಬರ ಓರೆ ಇನ್ನೊಬ್ಬರಂತಿಲ್ಲ. ನಿಮ್ಮ ಮೊಮ್ಮಗಳು ಆ ವೈವಿಧ್ಯದ ಕೂಸು. ಅವಳಲ್ಲಿ ತಿದ್ದಲು ಏನಿದೆ?

ನಮ್ಮದೇ ಎನ್ನಬಹುದಾದ ಮಿದುಳಿನ ಗುಂಡನೆಯ ಆಕಾರವೂ ಅವಸರದಲ್ಲಿ ಬಂದದ್ದಲ್ಲ. ಮೊರಾಕ್ಕೊದ ಜೆಬೆಲ್ ಇರ್‌ಹೂದ್‌ನಲ್ಲಿ ಸುಮಾರು 3 ಲಕ್ಷ ವರ್ಷಗಳ ಹಿಂದೆ ಬಾಳಿದವರ ಮಿದುಳು ಗಾತ್ರದಲ್ಲಿ ನಮ್ಮದರಷ್ಟೇ ಇತ್ತು, ಆದರೆ ಉದ್ದುದ್ದವಾಗಿತ್ತು. ಅದು ಇಂದಿನ ಗುಂಡನೆಯ ರೂಪಕ್ಕೆ ಬಂದದ್ದು 1 ಲಕ್ಷದಿಂದ 35 ಸಾವಿರ ವರ್ಷಗಳ ಹಿಂದಿನ ಅವಧಿಯಲ್ಲಿ. ಲಕ್ಷಾಂತರ ವರ್ಷ ಹಿಡಿದ ಕೆಲಸವನ್ನು ಎಂಟು ಭಾನುವಾರಗಳಲ್ಲಿ ಮುಗಿಸುತ್ತೇವೆಂದು ಕರಪತ್ರ ಹಂಚುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ವಿಜ್ಞಾನದ ಎರಡು ಪದ ಕಲಿತು ತಂದೆತಾಯಿಯರ ಭಯವನ್ನು ದುಡ್ಡಾಗಿಸುವ ಈ ದಂಧೆ ಪೇಟೆಪೇಟೆಗೂ ಹಬ್ಬಿದೆ. ನೀವು ಮೂವತ್ತು ವರ್ಷ ಪಾಠ ಹೇಳಿದವರು, ನೀವೂ ಅಳುಕಿದಿರಲ್ಲ ಎಂಬುದು ನನ್ನ ನೋವು.

ನನ್ನ ಜೊತೆ ಮೂರನೆಯ ತರಗತಿಯಲ್ಲಿ ಕೂರುತ್ತಿದ್ದ ಹುಡುಗನ ಎಡಗೈ ಗೆಣ್ಣಿಗೆ ದಿನವೂ ಅಡಿಕೋಲಿನ ಏಟು ಬೀಳುತ್ತಿತ್ತು. ಅವನು ಬಲಗೈ ಕಲಿತ, ಬರೆಯುವ ಆಸೆ ಬಿಟ್ಟ.

ಆ ಶುಲ್ಕದಲ್ಲಿ ಮೊಮ್ಮಗಳಿಗೆ ಎಡಗೈಗೆ ಒಗ್ಗುವ ಕತ್ತರಿ ಕೊಡಿಸಿ. ಶಾಲೆಯಲ್ಲಿ ಬೆಂಚಿನ ಎಡತುದಿಗೆ ಕೂರಿಸಲು ಹೇಳಿ, ಪಕ್ಕದವರ ಮೊಣಕೈ ತಾಗುವುದಿಲ್ಲ.

– ಸಂ.